ಎರಡು ತಲೆಯ ಗೊದಮೊಟ್ಟೆ

"ಹತ್ರ ಬಂದು ನೋಡಿ ಮೇಡಂ, ಕಚ್ಚುದಿಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್ ಸದಾಶಿವ. ಸ್ಟೀಲಿನ ಚೊಂಬನ್ನು ತೀರ್ಥ ಹಿಡಿದವನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ.

ಸಬ್ ಇನ್‌ಸ್ಪೆಕ್ಟರ್ ಗಂಗಾಂಬಿಕಾ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು. ಬನವಾಸಿ ಕಡೆಯವಳು, ಗಟ್ಟಿಗಿತ್ತಿ. ಕುಡಿದು ಚಾಕು ಬೀಸಿದವನ ಕೈ ತಿರುಚಿ ನೆಲಕ್ಕೆ ಕೂರಿಸಿದ ಹೆಣ್ಣು. ಆದರೆ ಕಪ್ಪೆ ಎಂದರೆ ಚಿಕ್ಕಂದಿನಿಂದಲೂ ಮೈ ಜುಂ ಎನ್ನುತ್ತಿತ್ತು. ಈ ಗುಟ್ಟು ಠಾಣೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು. ಎಲ್ಲರಿಗೂ ಗೊತ್ತಿತ್ತು.

ಉಸಿರು ಬಿಗಿಹಿಡಿದು ಚೊಂಬಿಗೆ ಬಗ್ಗಿದಳು.

ಒಂದು ಗೊದಮೊಟ್ಟೆ. ಬಾಲ ಒಂದೇ, ಹೊಟ್ಟೆ ಒಂದೇ, ತಲೆ ಮಾತ್ರ ಎರಡು. ಮೈ ಗಾಜಿನ ಹಾಗೆ ತೆಳ್ಳಗಿದ್ದು ಒಳಗೆ ಮಿಡಿಯುವ ಕೆಂಪು ಚುಕ್ಕಿ ಕಾಣುತ್ತಿತ್ತು. ಒಂದು ಬಾಯಿ ತೆರೆದಾಗ ಇನ್ನೊಂದು ಮುಚ್ಚಿರುತ್ತಿತ್ತು. ಅದು ನಿಂತ ಮೇಲೆ ಇದು ತೆರೆಯುತ್ತಿತ್ತು. ಎರಡೂ ಸೇರಿ ಏನನ್ನೋ ಮಾತಾಡಿಕೊಳ್ಳುತ್ತಿವೆ ಎನಿಸಿ ಗಂಗಾಂಬಿಕಾಗೆ ಬೆನ್ನು ತಣ್ಣಗಾಯಿತು.

ಒಂದೊಂದು ಬಾಯಿಯ ಎರಡೂ ಬದಿಯಲ್ಲಿ ಕೂದಲಿನಂಥ ಎಳೆ ಮೀಸೆ ಇತ್ತು. ಅದನ್ನೂ ಅವಳು ಗಮನಿಸಿದಳು.

"ಇಂಥವು ಎಷ್ಟು ಅದಾವ್ರಿ?"

"ಹೊಂಡದ ತುಂಬ ಅದಾವೆ ಅಮ್ಮಾ," ಎಂದ ಕೆರಿಯ. ಗದ್ದೆಯೂ ಹೊಂಡವೂ ಅವನವೇ. ಕೊಯ್ಲಿನ ಕತ್ತಿ ಇನ್ನೂ ಸೊಂಟದಲ್ಲೇ ಇತ್ತು. "ಒಂದನ್ನ ಹಿಡದ್ರೆ ನಾಕು ತಲೆ ತಿರುಗಿ ನೋಡ್ತವೆ."

ಕಪ್ಪೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಚಿರಂತನ ಎಂಬ ಹುಡುಗ ಕಳೆದ ಅಮಾವಾಸ್ಯೆಯಿಂದ ಕಾಣೆ. ಅವನ ಫೋನಿನ ಸಿಗ್ನಲ್ ಕೊನೆಯ ಸಲ ಸಿಕ್ಕಿದ್ದು ಯಲ್ಲಾಪುರದ ಕಾಡಿನ ಕಡೆ. ಅವನ ರಬ್ಬರ್ ಬೂಟು ಸಿಕ್ಕಿದ್ದು ಮಾತ್ರ ಇಲ್ಲಿ, ದೊಡ್ಮನೆ ಊರಿನಾಚೆ, ಈ ಒರತೆ ಹೊಂಡದ ದಡದಲ್ಲಿ. ದೇವಸ್ಥಾನದ ಹೊರಗೆ ಬಿಟ್ಟ ಹಾಗೆ ನೀಟಾಗಿ ಜೋಡಿಸಿಟ್ಟಿದ್ದರು. ಬೂಟು ನೋಡಲು ಬಂದ ಪೊಲೀಸರಿಗೆ ನಿನ್ನೆ ಈ ಮರಿಗಳು ಸಿಕ್ಕಿದ್ದವು.

ಹೊಂಡದಿಂದ ಕಪ್ಪು ಪೈಪೊಂದು ನೇರವಾಗಿ ಕೆರಿಯನ ಮನೆಯ ನಲ್ಲಿಗೆ ಹೋಗುತ್ತಿತ್ತು. ತಾಪತ್ರಯ ಇದ್ದದ್ದೇ ಅಲ್ಲಿ.

ಮನೆಯ ಮೆಟ್ಟಿಲ ಮೇಲೆ ಸೊಸೆ ಸೌಮ್ಯ ಕುಳಿತಿದ್ದಳು. ಏಳು ತಿಂಗಳ ಬಸುರಿ. ತುಟಿ ಒಡೆದು ಬಿಳಿಚಿಕೊಂಡಿತ್ತು. ಮರಿಗಳನ್ನು ಕಂಡಾಗಿನಿಂದ ಆ ನಲ್ಲಿಯ ನೀರನ್ನು ಅವಳು ಬಾಯಿಗೆ ಹಾಕಿರಲಿಲ್ಲ. ಆದರೆ ಅದಕ್ಕೂ ಮುಂಚೆ ಕುಡಿದದ್ದು ಹೊಟ್ಟೆಯಲ್ಲೇ ಇತ್ತಲ್ಲ.

ಗಂಡ ನವೀನ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ. "ಎಲ್ಲಾ ಮಾತಾಡಿ ಆಗದೆ ಮೇಡಂ. ಸಂಜಿಗೆ ಹುಬ್ಬಳ್ಳಿಗೆ ಹೊರಡ್ತೇವೆ. ಅಲ್ಲೊಬ್ರು ಮಾಡ್ಕೊಡ್ತರಂತೆ."

"ಏನ್ ಮಾಡಿಕೊಡ್ತಾರ?"

ನವೀನ ನೆಲ ನೋಡಿದ. ಸೌಮ್ಯ ಎರಡೂ ಕೈಯಲ್ಲಿ ಹೊಟ್ಟೆಯನ್ನು ಅಪ್ಪಿ ಹಿಡಿದಳು.

"ಏಳು ತಿಂಗಳಾಗೈತಿ. ಕೂಸಿಗೂ ಕುತ್ತು, ಇಕಿಗೂ ಕುತ್ತು. ಕಾನೂನಂತೂ ಬಿಡೂದಿಲ್ಲ. ಬುದ್ಧಿ ಐತೇನ್ ನಿನಗ?"

"ಒಂದೇ ತಲೆ ಇರೋ ಮಗು ಬೇಕು ಅಂದ್ರೆ ತಪ್ಪಾ ಮೇಡಂ?" ನವೀನನ ದನಿ ಒಡೆಯಿತು. ಕೆಟ್ಟವನಲ್ಲ ಪಾಪ, ಹೆದರಿದವನು. ಹೆದರಿದವರು ಮಾಡುವ ಅನಾಹುತ ಕೆಟ್ಟವರು ಮಾಡುವುದಕ್ಕಿಂತ ಕಡಿಮೆಯೇನೂ ಇರುವುದಿಲ್ಲ.

"ಎರಡು ತಲೆ ಇದ್ರೂ ನಂದೇ ಅಲ್ದಾ?" ಎಂದಳು ಸೌಮ್ಯ.

ಗಂಗಾಂಬಿಕಾ ಕಾರಿಗೂ ಮನೆಯ ಮೆಟ್ಟಿಲಿಗೂ ನಡುವೆ ಹೋಗಿ ನಿಂತಳು. "ನೋಡ್ ನವೀನ, ನಾ ತಿರುಗಿ ಬರೂತನಕ ಗಾಡಿ ಹೊರಡಂಗಿಲ್ಲ. ಹೊಂಟ್ರ, ಗಾಡಿ ಮುಂದ ಅಡ್ಡ ಮಲಗಾಕಿ ನಾನ. ಸದಾಶಿವ, ಹಿಂದ ಅಡ್ಡ ಮಲಗಾಂವ ನೀವು."

"ನಾನ್ಯಾಕೆ ಮೇಡಂ?" ಎಂದ ಸದಾಶಿವ.

ಅಷ್ಟರಲ್ಲಿ ಯಾರೋ ಅವಳ ತೋಳು ಜಗ್ಗಿದರು. ಸೌಮ್ಯಳ ಅತ್ತೆ, ಕೆರಿಯನ ಹೆಂಡತಿ ದ್ಯಾವಮ್ಮ. ಮಾತಿಲ್ಲದೆ ಅವಳನ್ನು ಬಚ್ಚಲುಮನೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಅದು ನಾ ಮಾಡಿದ್ದು ಅಮ್ಮಾ," ಎಂದವಳೇ ಸೆರಗನ್ನು ಬಾಯಿಗೆ ತುರುಕಿಕೊಂಡಳು. "ನನ್ನ ಕೈಯಾರೆ ನನ್ನ ಮೊಮ್ಮಗಿನ ನೀರಿಗೆ ವಿಷ ಹಾಕ್ದೆ."

"ಸಮಾಧಾನ ಮಾಡಿಕೊಂಡು ಹೇಳ್ರಿ ಯವ್ವಾ. ಏನ್ ಹಾಕಿದ್ರಿ?"

ದ್ಯಾವಮ್ಮ ಬಲಗೈ ಮುಂದೆ ಮಾಡಿದಳು. ಎರಡು ಬೆರಳ ತುದಿ ಕಪ್ಪಗೆ ಸುಟ್ಟಿತ್ತು.

ಅಮಾವಾಸ್ಯೆಗೂ ಮುಂಚಿನ ಮಾತು. ಕ್ರಾಸಿನ ವಿಘ್ನೇಶ್ವರ ಭಟ್ಟರ ಅಂಗಡಿಯಿಂದ ಟ್ರ್ಯಾಕ್ಟರಿನವನು ಒಂದು ಬಿಳಿ ಥರ್ಮೋಕೋಲ್ ಡಬ್ಬಿ ತಂದುಕೊಟ್ಟ. ಹೊನ್ನಾವರದ ತಂಗಿ ಮೀನು ಕಳಿಸಿದ್ದಾಳೆಂದು ದ್ಯಾವಮ್ಮ ಮಸಾಲೆ ಅರೆಯಲು ಕೂತಳು. ಡಬ್ಬಿ ತೆರೆದರೆ ಮೀನಿಲ್ಲ, ನೀರೂ ಇಲ್ಲ. ಬಿಳೀ ಕಲ್ಲಿನ ಚೂರು, ಅದರಿಂದ ಮೇಲೇಳದೆ ಕೆಳಗೆ ಕೆಳಗೆ ಹರಿಯುವ ಹೊಗೆ.

"ಮುಟ್ಟಿದೆ. ಬೆಂಕಿ ಇಲ್ದೇ ಸುಡ್ತು ಅಮ್ಮಾ. ನಡೂಕೆ ಎಳ್ಡು ಗಾಜಿನ ಬಾಟ್ಲಿ, ಕಿರುಬೆರಳಷ್ಟೇ. ಯಾರೋ ಮಾಟ ಮಾಡಿ ಕಳ್ಸಿದಾರೆ ಅಂತ ಜೀವ ಬಾಯಿಗೆ ಬಂತು. ಹರಿಯೋ ನೀರಿಗೆ ಬಿಟ್ರೆ ಕಳೀತದೆ ಅಂತಾರಲ? ಆ ಬಾಟ್ಲಿನ ಹೊಂಡದ ಕೋಡಿಗೆ ಬಿಟ್ಟೆ, ಹರ್ದು ಹೋಗಲಿ ಅಂತ. ಅದು ಹರೀಲೇ ಇಲ್ಲ. ಅಲ್ಲೇ ಮುಳುಗ್ತು."

"ಈ ವಿಷಯ ಮನ್ಯಾಗ ಯಾರಿಗೆ ಗೊತ್ತೈತಿ?"

"ದೇವರಾಣೆ, ಯಾರಿಗೂ ಇಲ್ಲ. ಸೊಸೆಯ ಮುಖ ಹ್ಯಾಂಗೆ ನೋಡ್ಲಿ?"

ಗಂಗಾಂಬಿಕಾ ಆಕೆಯ ಸುಟ್ಟ ಬೆರಳುಗಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು. ಆಮೇಲೆ ಕೆರಿಯನನ್ನು ಕರೆದು ಕೋಡಿಯ ಹತ್ತಿರ ನೀರಿಗಿಳಿಸಿದಳು.

ಮೊಣಕಾಲು ನೀರಲ್ಲಿ ನಿಂತ ಕೆರಿಯ ಮೀನಿನ ಬುಟ್ಟಿಯಿಂದ ಕೆಸರು ಬಾಚತೊಡಗಿದ. ಬುಟ್ಟಿಯ ಸುತ್ತ ಮರಿಗಳು ಮುತ್ತಿಕೊಂಡವು. ಎತ್ತಿದಾಗಲೆಲ್ಲ ಹತ್ತಾರು ಜೋಡಿ ತಲೆಗಳು ಜಾಳಿಗೆಯಲ್ಲಿ ಒದ್ದಾಡುತ್ತಿದ್ದವು. ಸದಾಶಿವ ಮುಖ ಆಚೆ ತಿರುಗಿಸಿದ. ಕೊನೆಗೆ ಕೆಸರಿನಲ್ಲಿ ಏನೋ ಮಿನುಗಿತು. ಮೊದಲು ಒಂದು ಬಾಟಲಿ, ಆಮೇಲೆ ಇನ್ನೊಂದು.

ಗಂಗಾಂಬಿಕಾ ಅವನ್ನು ಬಿಸಿಲಿಗೆ ಹಿಡಿದಳು. ರಬ್ಬರ್ ಬಿರಡೆಯ ಮೇಲಿನ ತಗಡಿನ ಸೀಲು ಒಂಚೂರೂ ಅಲುಗಿರಲಿಲ್ಲ. ತಳದಲ್ಲಿ ಬಿಳಿ ಪುಡಿ ಒಣಗಿದ್ದ ಹಾಗೇ ಅಂಟಿಕೊಂಡಿತ್ತು. ಒದ್ದೆ ಚೀಟಿಯ ಮೇಲೆ ಡಿಕೆಕೆ-1 ಎಂಬ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಸಂಶೋಧನೆಗೆ ಮಾತ್ರ, ಮನುಷ್ಯರ ಮೇಲೆ ಬಳಸಕೂಡದು ಎಂಬ ಎಚ್ಚರಿಕೆ.

"ನೋಡ್ರಿ ಯವ್ವಾ, ಸೀಲ್ ಒಡದಿಲ್ಲ. ನಿಮ್ಮ ಕೈಯಿಂದ ಒಂದು ಹನಿ ವಿಷನೂ ನೀರಿಗೆ ಬಿದ್ದಿಲ್ಲ."

ದ್ಯಾವಮ್ಮ ಬದುವಿನ ಮೇಲೆ ಕುಸಿದು ಕೂತು ದೊಡ್ಡ ದನಿ ತೆಗೆದು ಅತ್ತಳು. ಅಷ್ಟು ದಿನದ್ದೆಲ್ಲ ಒಟ್ಟಿಗೇ ಬಂತು.

ನವೀನ ಮಾತ್ರ ಚೊಂಬನ್ನು ತೋರಿಸಿದ. "ಹಂಗಾದ್ರೆ ಇವು ಎಲ್ಲಿಂದ ಬಂದ್ವು ಮೇಡಂ?"

*

"ಥರ್ಮೋಕೋಲ್ ಡಬ್ಬಿ ಅಂದ್ರೆ ಮೀನೇ ಮೇಡಂ, ಇನ್ನೆಂತ?" ಎಂದರು ವಿಘ್ನೇಶ್ವರ ಭಟ್ಟರು. ಕ್ರಾಸಿನಲ್ಲಿ ಅವರದೊಂದು ಚಹಾದಂಗಡಿ. ಬಸ್ಸಿನವರು ಸುತ್ತಲಿನ ಊರಿನ ಪಾರ್ಸೆಲ್ಲನ್ನೆಲ್ಲ ಅಲ್ಲೇ ಇಳಿಸಿ ಹೋಗುವುದು, ಯಾರದು ಯಾರಿಗೆಂದು ಭಟ್ಟರೇ ತಲುಪಿಸುವುದು, ಇದು ಎಷ್ಟೋ ಕಾಲದ ರೂಢಿ.

"ಮ್ಯಾಲೆ ಹೆಸರು ಬರದಿತ್ತಲ್ರಿ?"

"ಮೀನಿನ ಡಬ್ಬಿ ಹತ್ರ ಹೋಗಿ ಹೆಸರು ಓದ್ತ್ರಾ ಯಾರಾದ್ರೂ? ಮಡಿ ಎಲ್ಲ ಬಿಡಿ, ವಾಸನೆ! ಮೂಗು ಮುಚ್ಕಂಡು ಕೋಲಲ್ಲಿ ಟ್ರ್ಯಾಕ್ಟರಿಗೆ ದೂಡಿಸಿದೆ. ಈ ಕಡೆ ಮೀನು ತರಿಸೋರು ಕೆರಿಯನ ಮನೆಯವ್ರು, ಅಲ್ಲಿಗೇ ಹೋಗಲಿ ಅಂದೆ."

"ವಾಸನಿ ಬಂತೇನು?"

ಭಟ್ಟರು ಬಾಯಿ ತೆರೆದು ಹಾಗೇ ನಿಂತರು. ಸೌಟಿನಿಂದ ಚಹಾ ಸೋರುತ್ತಿತ್ತು. "ಮೂಗು ಮುಚ್ಚಿದ್ದೆ ಅಲ್ದಾ? ಬಂದಿತ್ತೋ ಇಲ್ಯೋ ಗೊತ್ತಿಲ್ಲೆ."

ಗಂಗಾಂಬಿಕಾಗೆ ನಗು ಬಂತು, ತಡೆದುಕೊಂಡಳು. "ಕಪ್ಪಿ ಹುಡುಗನ ಪ್ರಯೋಗಶಾಲಿ ಇರೂದು ಸಿರ್ಸಿ ಹತ್ರ, ಇಸಳೂರಾಗ. ಡಬ್ಬಿ ಈ ಕ್ರಾಸಿಗ್ಯಾಕ ಬಂತು?"

"ಅದೇ ಹುಡುಗ ಹೇಳಿದ್ದ, ಅಂವನ ಪಾರ್ಸೆಲ್ ಇನ್ನು ಇಲ್ಲಿಗೇ ಬರ್ತು ಹೇಳಿ. ಮೀನಿನ ಡಬ್ಬೀಲಿ ಬರ್ತು ಹೇಳಿ ಹೇಳಿದ್ನಿಲ್ಲೆ, ನೋಡಿ." ಭಟ್ಟರು ದನಿ ತಗ್ಗಿಸಿದರು. "ಇನ್ನೊಂದು ಬಂದಿತ್ತು ಮೇಡಂ. ಮೊನ್ನೆ."

"ಮೊನ್ನೆ? ಅಂವ ಕಾಣಿಯಾದ ಮ್ಯಾಲ?"

"ಹೌದು. ಅದರಿಂದ ಹೊಗೆ ಬರ್ತಾ ಇತ್ತು. ಒಳಗೆ ಇಡೂಲೆ ಹೆದರಿಕೆ ಆಗಿ ಹೊರಗೆ ಮೈಲಿಗಲ್ಲಿನ ಮೇಲಿಟ್ಟೆ. ಚಾ ಸೋಸಿ ತಿರುಗಿ ನೋಡೂದ್ರೊಳಗೆ ಡಬ್ಬಿ ಇಲ್ಲೆ. ಬಸ್ಸು ಇಲ್ಲೆ, ಬೈಕು ಇಲ್ಲೆ, ರಸ್ತೇಲಿ ಒಂದು ನರಪಿಳ್ಳೆ ಇಲ್ಲೆ. ಕಲ್ಲಿನ ಮೇಲೆ ಹೊಗೆ ಮಾತ್ರ ಇತ್ತು."

ಹೇಳುತ್ತ ಹೇಳುತ್ತ ಭಟ್ಟರ ತೋಳಿನ ಕೂದಲು ನಿಮಿರಿತ್ತು. ನಟಿಸಿ ಯಾರೂ ತೋಳಿನ ಕೂದಲು ನಿಮಿರಿಸಲಾರರು ಎಂದು ಗಂಗಾಂಬಿಕಾ ಅಂದುಕೊಂಡಳು.

*

ಇಸಳೂರಿನ ಹೊಸ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ. ಹೊರಗೆ ಸ್ಕೂಟರು, ಬಟ್ಟೆ ಒಣಗಿಸುವ ಹಗ್ಗ, ಪಕ್ಕದ ಮನೆಯಿಂದ ಕುಕ್ಕರಿನ ಸೀಟಿ. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ.

ಕಿಟಕಿಗಳಿಗೆಲ್ಲ ಕಪ್ಪು ಪರದೆ. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ಅವುಗಳಲ್ಲಿ ಕೈಕಾಲು ಚಾಚಿ ನೀರಲ್ಲಿ ನೇತುಬಿದ್ದಂತಿದ್ದ ದೊಡ್ಡ ಕಪ್ಪೆಗಳು. ಕಣ್ಣುಗಳು ನೆತ್ತಿಯ ಮೇಲೆ. ಒಂದೂ ಮಿಟುಕಿಸುವುದಿಲ್ಲ. ನೀರಿನೊಳಗಿಂದ ಟಿಕ್, ಟಿಕ್, ಟಿಕ್ ಎಂಬ ಸದ್ದು ಮಾತ್ರ ಬರುತ್ತಲೇ ಇತ್ತು.

"ಗಂಡು ಕಪ್ಪೆ ಹೆಣ್ಣನ್ನ ಕರಿಯೋದು ಮೇಡಂ," ಎಂದಳು ತನುಜಾ. ಚಿರಂತನನ ಜೊತೆ ಕೆಲಸ ಮಾಡುವವಳು, ಮತ್ತಿಘಟ್ಟದ ಹುಡುಗಿ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಇವು ಆಫ್ರಿಕಾ ಕಡೆ ಕಪ್ಪೆ. ನೀರಲ್ಲೇ ಕೂಗ್ತವೆ."

ಗಂಗಾಂಬಿಕಾ ತೊಟ್ಟಿಗಳಿಂದ ದೂರ, ಕೋಣೆಯ ಸರಿ ನಡುವೆ ನಿಂತುಕೊಂಡು ಎರಡೂ ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. "ಇದೇನ್ರಿ?"

"ಪ್ರೋಟೀನು. ಗರ್ಭದಲ್ಲಿ ಮರಿ ಬೆಳಿಯೋವಾಗ ಇಲ್ಲಿ ತಲೆ ಬರಬೇಕು, ಅಲ್ಲಿ ಬಾಲ ಬರಬೇಕು ಅಂತ ಜೀವಕೋಶಗಳ ನಡುವೆ ಸಂದೇಶ ಓಡಾಡ್ತದೆ. ಗದ್ದೆಗೆ ನೀರು ಬಿಟ್ಟ ಹಾಗೆ. ಈ ಪ್ರೋಟೀನು ಕಾಲುವೆಗೆ ಮಣ್ಣು ಹಾಕಿ ಕಟ್ಟಿದ ಹಾಗೆ ಒಂದು ಸಂದೇಶವನ್ನ ತಡೀತದೆ. ತಡೆದ ಕಡೆ ತಲೆ ಬೆಳೀತದೆ. ನಮ್ಮೆಲ್ಲರ ಮೈಯಲ್ಲೂ ಇದು ಇರೋದೇ. ಅದರ ನಕಲನ್ನ ಪ್ರಯೋಗಶಾಲೆಲಿ ತಯಾರಿಸಿ ಪುಡಿ ಮಾಡಿ ಮಾರ್ತಾರೆ. ಕೆಡಬಾರದು ಅಂತ ಡಬ್ಬಿಗೆ ಡ್ರೈ ಐಸ್ ತುಂಬಿ ಕಳಿಸ್ತಾರೆ, ಹೊಗೆ ಕಾರೋ ಒಣ ಮಂಜುಗಡ್ಡೆ, ಮುಟ್ಟಿದ್ರೆ ಸುಡ್ತದೆ." ಅವಳು ಬಾಟಲಿಯನ್ನು ತಿರುಗಿಸಿ ನೋಡಿದಳು. ಮುಖ ಬದಲಾಯಿತು. "ಆದರೆ ಇದನ್ನ ನಾನು ತರಿಸಿದ್ದಲ್ಲ."

"ಇದನ್ನ?" ಗಂಗಾಂಬಿಕಾ ಸದಾಶಿವನ ಕೈಯಿಂದ ಚೊಂಬು ತೆಗೆದುಕೊಂಡು ಮುಂದೆ ಚಾಚಿದಳು.

ತನುಜಾ ಚೊಂಬಿನೊಳಗೆ ನೋಡಿ ಮುಖ ತಿರುಗಿಸಿದಳು. "ಇಂಥದ್ದು ನಾನು ನೋಡಿಲ್ಲ ಮೇಡಂ. ಎಲ್ಲಾದ್ರೂ ಗದ್ದೆಗೆ ಹೊಡಿಯೋ ಔಷಧಿಯಿಂದ ಹೀಗಾಗಿರಬಹುದು."

"ಹೌದಾ?" ಗಂಗಾಂಬಿಕಾ ಮನಸ್ಸು ಗಟ್ಟಿಮಾಡಿಕೊಂಡು, ಬೆವರುತ್ತ, ಮೂಲೆಯ ಸಣ್ಣ ತೊಟ್ಟಿಯ ಹತ್ತಿರ ಹೋದಳು. ಅದರಲ್ಲಿ ಮರಿಗಳು ಆಡುತ್ತಿದ್ದವು. ತಲೆ ಒಂದೊಂದೇ. ಮೈ ಗಾಜಿನ ಹಾಗೆ. ಬಾಯಿಯ ಎರಡೂ ಬದಿಗೆ ಮೀಸೆ. "ಕೆರಿಯನ ಗದ್ದಿ ಕಾಲುವ್ಯಾಗೂ ಗೊದಮೊಟ್ಟಿ ನೋಡಿ ಬಂದೀನ್ರಿ. ಕರ್ರಗ ಇದ್ವು. ಒಂದಕ್ಕೂ ಮೀಸಿ ಇರಲಿಲ್ಲ. ಹೊಂಡದಾಗಿನವಕ್ಕ ಐತಿ, ನಿಮ್ಮ ತೊಟ್ಟಿ ಒಳಗಿನವಕ್ಕ ಐತಿ. ಇನ್ನೊಮ್ಮಿ ಕೇಳ್ತೀನಿ, ನೋಡಿಲ್ಲೇನ್ರಿ?"

ಟಿಕ್, ಟಿಕ್, ಟಿಕ್.

"ಅಲ್ಲಿ ಏಳು ತಿಂಗಳ ಬಸುರಿ ಕುಂತಾಳ. ಆ ನೀರು ಕುಡದಾಳ. ಇವತ್ತು ಸಂಜಿಕ ಗಂಡ ಆಕಿನ್ನ ಹುಬ್ಬಳ್ಳಿಗೆ ಕರಕೊಂಡು ಹೋಗಿ ಆ ಕೂಸನ್ನ ತಗಸ್ತಾನ. ಆಕಿ ಜೀವಂತ ತಿರುಗಿ ಬರ್ತಾಳೋ ಇಲ್ಲೋ. ಸುಳ್ಳು ಹೇಳೂದಿದ್ರ ಈಗ ಹೇಳಿ ಮುಗಸ್ರಿ."

ತನುಜಾ ಕುರ್ಚಿ ಹುಡುಕಿ ಕುಳಿತಳು. "ನಾನೇ ಮಾಡಿದ್ದು," ಎಂದಳು. "ನನ್ನ ಪ್ರಯೋಗದ ಮರಿಗಳು ಅವು. ಹಳೇ ಪುಡಿ ಒಂದು ಬಾಟ್ಲಿ ಇತ್ತು. ಈ ಊರಲ್ಲಿ ಈ ಕಪ್ಪೆ ಸಾಕ್ಲಿಕ್ಕೆ ನಮಗೆ ಪರವಾನಗಿ ಇಲ್ಲ. ಅದಕ್ಕೇ ಹೆದರಿ ಬಾಯಿ ಮುಚ್ಚಿದ್ದೆ. ಚಿರಂತನ ಕಾಣೆಯಾದ ದಿನವೇ ತೊಟ್ಟಿಯೂ ಖಾಲಿಯಾಗಿತ್ತು."

"ನೀರಿಗೆ ಪುಡಿ ಹಾಕಿದ್ರೇನು?"

"ಇಲ್ಲ, ಇಲ್ಲ! ನೀರಿಗೆ ಹಾಕಿದ್ರೆ ಏನೂ ಆಗಲ್ಲ. ಮೊಟ್ಟೆ ಸುತ್ತ ದಪ್ಪ ಲೋಳೆ ಇರ್ತದೆ, ಒಳಗೆ ಬಿಡಲ್ಲ. ಮೊಟ್ಟೆ ಇಟ್ಟ ದಿನವೇ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೂದಲಿಗಿಂತ ಸಪೂರದ ಸೂಜಿಯಿಂದ ಚುಚ್ಚಬೇಕು. ಮನುಷ್ಯರು ಕುಡಿದ್ರಂತೂ ಬೇಳೆ ತಿಂದ ಹಾಗೆ ಜೀರ್ಣ ಆಗಿಹೋಗ್ತದೆ."

"ಅಂದ್ರ ಆ ನೀರಿಂದ ಸೌಮ್ಯಳ ಕೂಸಿಗೆ ಏನೂ ಆಗಂಗಿಲ್ಲ?"

"ಆಗೋದೇ ಇಲ್ಲ. ಸೂಜಿ ಬೇಕು ಮೇಡಂ. ಚುಚ್ಚದೆ ಅದು ಮೈ ಸೇರಲ್ಲ."

ಗಂಗಾಂಬಿಕಾ ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಈಗ ಹೊರಗೆ ಬಿಟ್ಟಳು. "ಈ ಮಾತನ್ನ ಅವರ ಮನಿಗೆ ಬಂದು ಹೇಳ್ರಿ. ಏಳ್ರಿ, ಜೀಪ್ ಹತ್ರಿ."

ಬಾಗಿಲು ಹಾಕುವಾಗ ತನುಜಾ ತೊಟ್ಟಿಗಳ ಕಡೆ ತಿರುಗಿ ನೋಡಿದಳು. "ಹಿಂದಿನ ಕಾಲದಲ್ಲಿ ಹೆಂಗಸು ಬಸುರಿ ಹೌದೋ ಅಲ್ಲವೋ ಅಂತ ನೋಡ್ಲಿಕ್ಕೆ ಇವೇ ಕಪ್ಪೆಗಳನ್ನ ಬಳಸ್ತಿದ್ರು ಮೇಡಂ. ಆಕೆಯ ಮೂತ್ರವನ್ನ ಕಪ್ಪೆಗೆ ಚುಚ್ಚೋದು. ಬಸುರಿಯಾದ್ರೆ ಕಪ್ಪೆ ಮೊಟ್ಟೆ ಇಡ್ತದೆ. ಚಿರಂತನ ಆ ಕಥೆಯನ್ನ ಪದೇ ಪದೇ ಹೇಳ್ತಿದ್ದ. ಒಂದಿನ ಕೇಳಿದ, ಕಪ್ಪೆಯಲ್ಲೇ ಯಾಕೆ ನಿಲ್ಲಬೇಕು ತನುಜಾ ಅಂತ. ತಮಾಷೆ ಅಂದ್ಕೊಂಡೆ."

"ಅದು ತಮಾಷಿ ಆಗಿತ್ತೇನು?"

"ಅವನು ನಗಲಿಲ್ಲ," ಎಂದಳು ತನುಜಾ.

*

ದೊಡ್ಮನೆ ಮುಟ್ಟುವಾಗ ಬಿಸಿಲು ಗುಡ್ಡದ ತಲೆಗೆ ಏರಿತ್ತು. ಕೊಯ್ದ ಭತ್ತದ ಹೊರೆಗಳು ದಾರಿಯ ತುಂಬ ಬಿದ್ದಿದ್ದವು. ಜೀಪು ಗದ್ದೆಯ ಕೆಳಗೇ, ಬಿದಿರು ಮೆಳೆಯ ಮರೆಯಲ್ಲಿ ನಿಲ್ಲಬೇಕಾಯಿತು. ಮೂವರೂ ಬದುವಿನ ಮೇಲೆ ಹೆಚ್ಚೂಕಡಿಮೆ ಓಡಿದರು.

ನವೀನನ ಕಾರಿನ ಡಿಕ್ಕಿಯಲ್ಲಿ ಬ್ಯಾಗು ಏರಿತ್ತು. ಸೌಮ್ಯ ಬಾಗಿಲ ಚೌಕಟ್ಟನ್ನು ಹಿಡಿದು ಬಿಡಲೊಲ್ಲದೆ ನಿಂತಿದ್ದಳು.

"ಎಲ್ಲಾರೂ ಹೊಂಡದ ಹತ್ರ ಬರ್ರಿ," ಎಂದಳು ಗಂಗಾಂಬಿಕಾ. ಆ ದನಿಗೆ ನವೀನನೂ ಮರುಮಾತಾಡಲಿಲ್ಲ. ಮನೆ ಖಾಲಿ ಬಿಟ್ಟು ಎಲ್ಲರೂ ಇಳಿದು ಬಂದರು.

ತನುಜಾ ಹೊಂಡದ ಮೆಟ್ಟಿಲ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ನಡುವೆ ಒಂದು ಸಲ ಅತ್ತಳು. ಆಮೇಲೆ ಸೆರಗನ್ನು ಸೋಸುಬಟ್ಟೆ ಮಾಡಿ, ಅದೇ ಹೊಂಡದ ನೀರನ್ನು ಲೋಟಕ್ಕೆ ತುಂಬಿದಳು. ಅವಳ ಪಾದದ ಹತ್ತಿರವೇ ಒಂದು ಮರಿ ಎರಡೂ ತಲೆಯೆತ್ತಿ ನೋಡುತ್ತಿತ್ತು. ಗಟಗಟನೆ ಕುಡಿದು ಲೋಟವನ್ನು ಬೋರಲು ಹಾಕಿ ತೋರಿಸಿದಳು.

"ಸೂಜಿ ಇಲ್ದೇ ಅದು ಮೈ ಸೇರಲ್ಲ ದ್ಯಾವಮ್ಮ. ನೀರಿಂದ ಏನೂ ಆಗಿಲ್ಲ. ನಿಮ್ಮ ಮೊಮ್ಮಗು ಚೆನ್ನಾಗಿದೆ."

ದ್ಯಾವಮ್ಮ ಸೊಸೆಯ ಕಾಲ ಬಳಿ ಕುಳಿತು ಅವಳ ಹೊಟ್ಟೆಗೆ ಹಣೆ ಹಚ್ಚಿದಳು. ಕೆರಿಯ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ನವೀನ ಕಾರಿನ ಕೀಲಿಯನ್ನು ಕೈಯಲ್ಲಿ ನೋಡಿದ, ಅದು ಯಾರದೋ ಎಂಬ ಹಾಗೆ. ಆಮೇಲೆ ಹೆಂಡತಿಗೆ ತಾನೇ ಇನ್ನೊಂದು ಚೊಂಬಿನಲ್ಲಿ ನೀರು ಸೋಸಿ ಕೊಟ್ಟ. ಸೌಮ್ಯ ಒಂದೇ ಗುಕ್ಕಿಗೆ ಕುಡಿದಳು. ಇನ್ನೊಂದು ಕೇಳಿದಳು. ಗಲ್ಲದಿಂದ ಕತ್ತಿಗೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಗಂಗಾಂಬಿಕಾಗೆ ಆ ಕ್ಷಣ ಕಪ್ಪೆಗಳ ಮೇಲೂ ಪ್ರೀತಿ ಉಕ್ಕಿತು ಎಂದರೆ ನಂಬಿ. ಬಹಳ ಹೊತ್ತು ಉಳಿಯಲಿಲ್ಲ ಅಷ್ಟೆ.

ಚೊಂಬು ಕೆಳಗಿಟ್ಟ ಸೌಮ್ಯ ಎಡತೋಳಿನ ರವಿಕೆಯನ್ನು ಸವರಿಕೊಂಡಳು. "ಅಕ್ಕಾ," ಎಂದಳು ತನುಜಾಳಿಗೆ, "ಸೂಜಿ ಹಾಕಿದ್ರೆ ಮಾತ್ರ ಅಲ್ದಾ?"

"ಹೌದು ತಂಗಿ. ಸೂಜಿ ಹಾಕಿದ್ರೆ ಮಾತ್ರ."

"ಮೊನ್ನೆ ನಂಗೆ ಒಂದು ಹಾಕಿದಾರೆ."

ಹೊಂಡದಲ್ಲಿ ಏನೋ ಪುಳಕ್ಕೆಂದಿತು. ಸೌಮ್ಯ ರವಿಕೆಯ ತೋಳನ್ನು ಮೇಲೆ ಸರಿಸಿದಳು. ಭುಜದ ಕೆಳಗೆ ಸಣ್ಣ ಕೆಂಪು ಚುಕ್ಕಿ, ಸುತ್ತ ನೀಲಿಗಟ್ಟಿದ ಬಳೆಯಗಲದ ಗುರುತು.

"ಅತ್ತೆ ಮಾವ ಕೊಯ್ಲಿಗೆ ಹೋಗಿದ್ರು, ಇವ್ರು ಸಿರ್ಸಿಗೆ. ಮುಖಕ್ಕೆ ಮಾಸ್ಕು, ಬಿಳಿ ಕೋಟು. ಆಸ್ಪತ್ರೆಯಿಂದ ಬಂದಿದ್ದು, ನಿಂಗೆ ರಕ್ತ ಕಮ್ಮಿ ಅದೆ ಅಂದ್ರು. ನನ್ನ ಹೆಸ್ರು ಗೊತ್ತಿತ್ತು, ತಿಂಗಳೂ ಗೊತ್ತಿತ್ತು. ಒಂದು ಬಿಳಿ ಡಬ್ಬಿ ತಂದಿದ್ರು, ಅದ್ರಿಂದ..." ಸೌಮ್ಯಳ ದನಿ ಸಣ್ಣದಾಯಿತು. "ಅದ್ರಿಂದ ಹೊಗೆ ಬರ್ತಿತ್ತು."

ಮೈಲಿಗಲ್ಲಿನ ಮೇಲಿಂದ ಕಾಣೆಯಾದ ಡಬ್ಬಿ ಎಲ್ಲಿಗೆ ಬಂದಿತ್ತು ಎಂಬುದು ಗಂಗಾಂಬಿಕಾಗೆ ಈಗ ಗೊತ್ತಾಯಿತು. ಬೆಳಗಿನಿಂದ ಒಂದೊಂದೇ ಕಡ್ಡಿ ಹೆಣೆದು ಕಟ್ಟಿದ ಸಮಾಧಾನವೆಲ್ಲ ಅವಳ ಕಣ್ಣೆದುರೇ ನೀರುಪಾಲಾಯಿತು. ಸೂಜಿ ಬೇಕು ಎಂದು ಹೇಳಿಸಿದವಳು ಅವಳೇ.

"ಏಳು ತಿಂಗಳಿಗೆ ತೋಳಿಗೆ ಹಾಕಿದ್ರೆ ತಲೆ ಗಿಲೆ ಬೆಳಿಯಲ್ಲ," ಎಂದಳು ತನುಜಾ ಗಡಬಡಿಸಿ. ಆದರೆ ಮುಖದಲ್ಲಿ ರಕ್ತವಿರಲಿಲ್ಲ. "ಏನಾಗ್ತದೆ ಅಂತ ಮಾತ್ರ... ಯಾರೂ ಮಾಡಿ ನೋಡಿಲ್ಲ ಮೇಡಂ. ಚಿರಂತನ. ಅಯ್ಯೋ ದೇವರೇ, ಚಿರಂತನನೇ!"

ನವೀನ ಹೆಂಡತಿಯ ತೋಳು ಹಿಡಿದ. "ನಂಗ್ಯಾಕೆ ಹೇಳ್ಲಿಲ್ಲ?"

"ಆಸ್ಪತ್ರೆ ಸೂಜಿ ಅಂದ್ಕಂಡೆ. ರಕ್ತ ಏರೂಕೆ ಇನ್ನೊಂದು ಹಾಕ್ಬೇಕು, ಮತ್ತೆ ಬತ್ತೆ ಅಂದಿದ್ರು."

"ಯಾವಾಗ?" ಎಂದಳು ಗಂಗಾಂಬಿಕಾ. "ಯಾವಾಗ ಬರ್ತೀನಿ ಅಂದಾನ ಅಂವ?"

"ಇವತ್ತು. ದೀಪ ಹಚ್ಚೂ ಹೊತ್ತಿಗೆ." ಸೌಮ್ಯ ತಲೆಯಾಡಿಸಿದಳು. "ಆದ್ರೆ ಅಂವ ಅಲ್ಲ ಅಮ್ಮಾ..."

ಮಾತು ಅಲ್ಲಿಗೇ ನಿಂತಿತು. ಅವಳು ಮನೆಯ ಕಡೆ ನೋಡುತ್ತಿದ್ದಳು. ಎಲ್ಲರೂ ತಿರುಗಿದರು.

ಖಾಲಿ ಬಿಟ್ಟು ಬಂದಿದ್ದ ಮನೆಯ ಮೆಟ್ಟಿಲ ಮೇಲೆ ಒಂದು ಬಿಳಿ ಡಬ್ಬಿ ಕೂತಿತ್ತು. ಮುಚ್ಚಳದ ಸಂದಿಯಿಂದ ಹೊಗೆ ಹೊರಟು, ಮೇಲೇಳದೆ, ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಎಳೆದುಕೊಂಡಿದ್ದ ಬಾಗಿಲು ಈಗ ಹಾರು ಹೊಡೆದಿತ್ತು.

ಗಂಗಾಂಬಿಕಾ ಸೌಮ್ಯಳನ್ನು ಬೆನ್ನ ಹಿಂದೆ ಸರಿಸಿ ಸೊಂಟದ ಪಿಸ್ತೂಲಿಗೆ ಕೈ ಹಾಕಿದಳು. ಒಳಗಿನ ಕತ್ತಲಿಂದ ಯಾರೋ ಕರೆದರು, ಅಕ್ಕರೆಯಿಂದ, ಅವಸರವಿಲ್ಲದೆ.

"ಸೌಮ್ಯಾ... ಎಲ್ಲಿದ್ದೀ ಮಗಾ? ಬಾ, ಹೊತ್ತಾಯ್ತು."

ತನುಜಾಳ ಕೈಯಿಂದ ಲೋಟ ಜಾರಿ ಹೊಂಡದ ಮೆಟ್ಟಿಲ ಮೇಲೆ ಉರುಳಿತು. ಅದು ಹೆಂಗಸಿನ ದನಿಯಾಗಿತ್ತು.